ಐಸ್ ಹಾಕಿ ಪ್ಲೇಆಫ್‌ನ ಮೊದಲ ಸುತ್ತು: ಗೆಲ್ಲುವವರನ್ನು ಅಳೆದು ತೂಗಿ ಊಹಿಸುವುದು ಹೇಗೆ?

ಏಪ್ರಿಲ್ ತಿಂಗಳ ನಡುವೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಲೀಗ್ ಪಂದ್ಯಗಳು ಮುಗಿಯುತ್ತವೆ. ಒಂದೆರಡು ದಿನ ಬಿಡುವು, ಆಮೇಲೆ ಪ್ಲೇಆಫ್. ಆ ಬಿಡುವಿನಲ್ಲಿ ಟೊರೊಂಟೊ ಸುತ್ತಮುತ್ತಲಿನ ಕಚೇರಿಗಳಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಓಡಾಡುತ್ತದೆ. ಅದರಲ್ಲಿ ಎಂಟು ಜೋಡಿ ತಂಡಗಳ ಹೆಸರಿರುತ್ತವೆ. ಪ್ರತಿ ಜೋಡಿಯಲ್ಲಿ ಗೆಲ್ಲುವವರು ಯಾರು, ಎಷ್ಟು ಪಂದ್ಯಗಳಲ್ಲಿ ಎಂದು ಬರೆದು ಮೊದಲ ಪಂದ್ಯಕ್ಕೆ ಮುನ್ನ ಒಪ್ಪಿಸಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಅಂಕಪಟ್ಟಿ ನೋಡಿ ಮೇಲಿರುವ ತಂಡಕ್ಕೆ ಗುರುತು ಹಾಕಿ ಕೊಡುತ್ತಿದ್ದೆ. 2019ರಲ್ಲಿ ಆ ಪದ್ಧತಿಯನ್ನು ಬಿಟ್ಟೆ.

ಆ ವರ್ಷ ಟ್ಯಾಂಪಾ ಬೇ ಲೈಟ್ನಿಂಗ್ 82 ಪಂದ್ಯಗಳಲ್ಲಿ 62 ಗೆದ್ದು 128 ಅಂಕ ಗಳಿಸಿತ್ತು. ಎದುರಿಗೆ 98 ಅಂಕಗಳ ಕೊಲಂಬಸ್ ಬ್ಲೂ ಜಾಕೆಟ್ಸ್. ಲೀಗ್ ಹಂತದಲ್ಲಿ ಇವೆರಡೂ ಮೂರು ಸಲ ಆಡಿದ್ದವು. ಮೂರನ್ನೂ ಟ್ಯಾಂಪಾ ಗೆದ್ದಿತ್ತು, ಒಟ್ಟು ಗೋಲುಗಳು 17ಕ್ಕೆ 3. ಸರಣಿಯ ಮೊದಲ ಪಂದ್ಯದ ಮೊದಲ ಇಪ್ಪತ್ತು ನಿಮಿಷದಲ್ಲೇ ಟ್ಯಾಂಪಾ 3-0 ಮುಂದಿತ್ತು. ಆ ಪಂದ್ಯವನ್ನು 4-3ರಿಂದ ಸೋತಿತು, ಮುಂದಿನ ಮೂರನ್ನೂ ಸೋತು ಮನೆಗೆ ಹೋಯಿತು. ಅದೇ ಸುತ್ತಿನಲ್ಲಿ ವಾಷಿಂಗ್ಟನ್, ನ್ಯಾಶ್‌ವಿಲ್, ಕ್ಯಾಲ್ಗರಿ ಕೂಡ ಸೋತವು. ಅಂದರೆ ನಾಲ್ಕು ವಿಭಾಗಗಳಲ್ಲಿ ಮೊದಲ ಸ್ಥಾನ ಪಡೆದ ನಾಲ್ಕೂ ತಂಡಗಳು ಮೊದಲ ಸುತ್ತು ದಾಟಲಿಲ್ಲ.

ಇದನ್ನು ಕಂಡು "ಎಲ್ಲವೂ ಅದೃಷ್ಟ" ಎಂದು ಕೈಚೆಲ್ಲಿದ ಗೆಳೆಯರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಈ ಆಟದಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲಿದೆ ನಿಜ, ಆದರೆ ಅದು ಎಷ್ಟು ದೊಡ್ಡದು ಎಂಬುದನ್ನೂ ಅಳೆಯಬಹುದು. ನಾನು ಈಗ ಪ್ರತಿ ಸರಣಿಗೂ ಒಂದು ಶೇಕಡಾ ಅಂಕಿ ಬರೆಯುತ್ತೇನೆ, ತಂಡದ ಹೆಸರು ಅದರ ಹಿಂದೆ ತಾನಾಗಿ ಬರುತ್ತದೆ. ಆ ಅಂಕಿಯನ್ನು ತಲುಪುವ ದಾರಿ ಹೀಗಿದೆ.

ಮೊದಲು ಹಾಳೆಯನ್ನು ಸರಿಯಾಗಿ ಓದಿ

ಲೀಗ್‌ನಲ್ಲಿ 32 ತಂಡಗಳಿವೆ. ಪೂರ್ವ, ಪಶ್ಚಿಮ ಎಂದು ಎರಡು ಬಣ, ಪ್ರತಿ ಬಣದಲ್ಲಿ ಎರಡು ವಿಭಾಗ. ಪ್ರತಿ ವಿಭಾಗದ ಮೊದಲ ಮೂರು ತಂಡಗಳು, ಜೊತೆಗೆ ಉಳಿದವರಲ್ಲಿ ಹೆಚ್ಚು ಅಂಕ ಪಡೆದ, ಪ್ರತಿ ಬಣದಿಂದ ಇಬ್ಬರು ವೈಲ್ಡ್ ಕಾರ್ಡ್‌ಗಳು, ಒಟ್ಟು ಹದಿನಾರು. ವಿಭಾಗದ ಅಗ್ರ ತಂಡಕ್ಕೆ ವೈಲ್ಡ್ ಕಾರ್ಡ್ ಎದುರಾಳಿ. ಎರಡನೆಯ ಮತ್ತು ಮೂರನೆಯ ತಂಡಗಳು ತಮ್ಮತಮ್ಮಲ್ಲೇ ಆಡುತ್ತವೆ. 2014ರಿಂದ ಇದೇ ವ್ಯವಸ್ಥೆ. (2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಬದಲಾಗಿತ್ತು.) ಇದರಿಂದಾಗಿ ಒಂದು ವಿಭಾಗ ಬಲಿಷ್ಠವಾಗಿದ್ದರೆ ಲೀಗ್‌ನ ಅತ್ಯುತ್ತಮ ತಂಡಗಳಲ್ಲಿ ಎರಡು ಮೊದಲ ಸುತ್ತಿನಲ್ಲೇ ಒಂದನ್ನೊಂದು ಎದುರಿಸುತ್ತವೆ. 2025ರಲ್ಲಿ ಡಲ್ಲಾಸ್ ಮತ್ತು ಕೊಲರಾಡೊ ಹಾಗೆ ಸಿಕ್ಕಿಬಿದ್ದವು. ಎರಡು-ಮೂರರ ಜೋಡಿಗಳಿಗೆ ಹೆಚ್ಚು ಸಮಯ ಕೊಡಿ, ಹಾಳೆಯ ಗೆಲುವು ಸೋಲು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ.

ಅಂಕಪಟ್ಟಿಯ ಹಾಲಿನಲ್ಲಿ ನೀರೆಷ್ಟು?

ಲೀಗ್ ಪಂದ್ಯ ಗೆದ್ದರೆ 2 ಅಂಕ. ಓವರ್‌ಟೈಮ್‌ನಲ್ಲಿ ಅಥವಾ ಶೂಟೌಟ್‌ನಲ್ಲಿ ಸೋತರೂ 1 ಅಂಕ. ಅರವತ್ತು ನಿಮಿಷದಲ್ಲಿ ಸಮವಾದ ಪಂದ್ಯವನ್ನು ಐದು ನಿಮಿಷ ಮೂವರು ಮೂವರ ವಿರುದ್ಧ ಆಡಿಸುತ್ತಾರೆ, ಅಲ್ಲೂ ಇತ್ಯರ್ಥವಾಗದಿದ್ದರೆ ಶೂಟೌಟ್. ಪ್ಲೇಆಫ್‌ನಲ್ಲಿ ಇವೆರಡೂ ಇಲ್ಲ. ಅಲ್ಲಿ ಸಮವಾದರೆ ಐವರು ಐವರ ವಿರುದ್ಧವೇ ಇಪ್ಪತ್ತಿಪ್ಪತ್ತು ನಿಮಿಷದ ಅವಧಿಗಳು, ಯಾರಾದರೂ ಗೋಲು ಹೊಡೆಯುವವರೆಗೆ. ಹಾಗಾಗಿ ಶೂಟೌಟ್‌ನಲ್ಲಿ ಎತ್ತಿದ ಕೈ ಎನಿಸಿಕೊಂಡು ಹತ್ತು ಹನ್ನೆರಡು ಅಂಕ ಹೆಚ್ಚು ಗಳಿಸಿದ ತಂಡ ಏಪ್ರಿಲ್‌ನಲ್ಲಿ ಆ ವಿದ್ಯೆಯನ್ನು ಬಳಸಲಾರದು.

ಅಂಕಗಳನ್ನು ಪಕ್ಕಕ್ಕಿಟ್ಟು ಮೂರು ಅಂಕಿಗಳನ್ನು ಬರೆದುಕೊಳ್ಳಿ. ಒಂದು, ಅರವತ್ತು ನಿಮಿಷದೊಳಗೆ ಗೆದ್ದ ಪಂದ್ಯಗಳ ಸಂಖ್ಯೆ. ಲೀಗ್‌ನ ಅಧಿಕೃತ ಪಟ್ಟಿಯಲ್ಲೇ ಇದಕ್ಕೊಂದು ಕಾಲಂ ಇದೆ. ಎರಡು, ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳು. ಸಾಧ್ಯವಾದರೆ ಇದರಲ್ಲಿ ಖಾಲಿ ಬಲೆಗೆ ಹೊಡೆದವನ್ನು ಕಳೆಯಿರಿ. ಹಿಂದಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿದಾಗ ಬರುವ ಗೋಲು ತಂಡದ ಬಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮೂರು, ಐವರು ಐವರ ವಿರುದ್ಧ ಆಡುವಾಗ ಯಾರ ಕಡೆಗೆ ಎಷ್ಟು ಹೊಡೆತಗಳು ಹೋದವು ಎಂಬುದು. ಹೊಡೆತ ಎಲ್ಲಿಂದ ಬಂತು, ಎಷ್ಟು ಅಪಾಯಕಾರಿ ಎಂದು ತೂಗಿ ಕೊಡುವ "ನಿರೀಕ್ಷಿತ ಗೋಲು" ಅಂಕಿಗಳು ನ್ಯಾಚುರಲ್ ಸ್ಟ್ಯಾಟ್ ಟ್ರಿಕ್, ಮನಿಪಕ್‌ನಂತಹ ತಾಣಗಳಲ್ಲಿ ಸಿಗುತ್ತವೆ.

ಮೂರನೆಯ ಅಂಕಿಯ ಬೆಲೆ ನನಗೆ ತಿಳಿದದ್ದು ಲಾಸ್ ಏಂಜಲೀಸ್ ಕಿಂಗ್ಸ್‌ನ 2012ರ ಕಥೆಯಿಂದ. ಪಶ್ಚಿಮ ಬಣದಲ್ಲಿ ಎಂಟನೆಯ, ಅಂದರೆ ಕಟ್ಟಕಡೆಯ ಸ್ಥಾನ. ಗೋಲು ಹೊಡೆಯುವುದರಲ್ಲಂತೂ ಇಡೀ ಲೀಗ್‌ನಲ್ಲಿ ತೀರಾ ಹಿಂದೆ. ಆದರೆ ಡಿಸೆಂಬರ್‌ನಲ್ಲಿ ಕೋಚ್ ಡ್ಯಾರಿಲ್ ಸಟರ್ ಬಂದಿದ್ದರು, ಫೆಬ್ರವರಿಯಲ್ಲಿ ಫಾರ್ವರ್ಡ್ ಆಟಗಾರ ಜೆಫ್ ಕಾರ್ಟರ್ ಬಂದಿದ್ದರು. ಅಲ್ಲಿಂದ ಮುಂದೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೆಚ್ಚು ಹೊತ್ತು ಇವರ ಬಳಿಯೇ ಇರುತ್ತಿತ್ತು, ಹೊಡೆತಗಳ ಲೆಕ್ಕದಲ್ಲಿ ಎದುರಾಳಿಗಳನ್ನು ಮೀರಿಸುತ್ತಿದ್ದರು. ಅಂಕಪಟ್ಟಿಯಲ್ಲಿ ಅದು ಕಾಣುತ್ತಿರಲಿಲ್ಲ. ಲೀಗ್‌ನ ಅಗ್ರ ತಂಡವಾಗಿದ್ದ ವ್ಯಾಂಕೂವರ್ ಅನ್ನು ಐದೇ ಪಂದ್ಯಗಳಲ್ಲಿ ಮುಗಿಸಿ, ಜೂನ್‌ನಲ್ಲಿ ಪ್ಲೇಆಫ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ಈ ಕಾರಣಕ್ಕೆ ನಾನು ಇಡೀ ಋತುವಿನ ಅಂಕಿಗಳ ಪಕ್ಕದಲ್ಲಿ ಕೊನೆಯ 25 ಪಂದ್ಯಗಳ ಅಂಕಿಗಳನ್ನೂ ಬರೆಯುತ್ತೇನೆ. ಆಟಗಾರರ ವಿನಿಮಯದ ಗಡುವು ಸಾಮಾನ್ಯವಾಗಿ ಮಾರ್ಚ್ ಮೊದಲ ವಾರದಲ್ಲಿರುವುದರಿಂದ, ಪ್ಲೇಆಫ್‌ಗೆ ಇಳಿಯುವ ತಂಡ ನವೆಂಬರ್‌ನಲ್ಲಿದ್ದ ತಂಡವೇ ಆಗಿರಬೇಕೆಂದಿಲ್ಲ.

ಪರಸ್ಪರ ಆಡಿದ ಮೂರ್ನಾಲ್ಕು ಪಂದ್ಯಗಳ ಫಲಿತಾಂಶಕ್ಕೆ ಬೆಲೆ ಕೊಡಬೇಡಿ. ಟ್ಯಾಂಪಾದ 17-3 ನೆನಪಿರಲಿ.

ಪೆನ್ನು ಕಾಗದ ಹಿಡಿದು ಒಂದು ಲೆಕ್ಕ

ಹೊಡೆದ ಗೋಲುಗಳ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ತಂಡದ ಬಲದ ಒಂದು ಅಂದಾಜು ಸಿಗುತ್ತದೆ. 2023ರ ಬಾಸ್ಟನ್ ಬ್ರೂಯಿನ್ಸ್ ತೆಗೆದುಕೊಳ್ಳೋಣ. 65 ಗೆಲುವು, 135 ಅಂಕ, ಎರಡೂ ಲೀಗ್ ದಾಖಲೆ. ಹೊಡೆದದ್ದು 305 ಗೋಲು, ಬಿಟ್ಟದ್ದು 177. 305ರ ವರ್ಗ 93,025. 177ರ ವರ್ಗ 31,329. ಭಾಗಿಸಿದರೆ 0.748. ಅವರ ಎದುರಾಳಿ ಫ್ಲಾರಿಡಾ ಪ್ಯಾಂಥರ್ಸ್, 92 ಅಂಕ. ಹೊಡೆದದ್ದು 290, ಬಿಟ್ಟದ್ದು 273. ಅದೇ ಲೆಕ್ಕದಲ್ಲಿ 0.530.

ಇವೆರಡನ್ನು ಎದುರುಬದುರು ನಿಲ್ಲಿಸಬೇಕು. ಬಾಸ್ಟನ್‌ನ ಗೆಲುವಿನ ಅಂಶವನ್ನು ಫ್ಲಾರಿಡಾದ ಸೋಲಿನ ಅಂಶದಿಂದ (ಒಂದರಲ್ಲಿ 0.530 ಕಳೆದರೆ ಉಳಿಯುವುದು) ಗುಣಿಸಿ: 0.748 × 0.470 = 0.352. ಫ್ಲಾರಿಡಾದ ಗೆಲುವನ್ನು ಬಾಸ್ಟನ್‌ನ ಸೋಲಿನಿಂದ ಗುಣಿಸಿ: 0.530 × 0.252 = 0.134. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.725. ಅಂದರೆ ಒಂದು ಪಂದ್ಯದಲ್ಲಿ ಬಾಸ್ಟನ್ ಗೆಲ್ಲುವ ಸಾಧ್ಯತೆ ಶೇಕಡಾ 72ಕ್ಕಿಂತ ಸ್ವಲ್ಪ ಹೆಚ್ಚು. ಏಳು ಪಂದ್ಯಗಳ ಸರಣಿಗೆ ಅದು ಶೇಕಡಾ 90 ಆಗುತ್ತದೆ.

ಇಲ್ಲಿ ನಿಲ್ಲಬೇಡಿ. ಇಷ್ಟು ಎತ್ತರದ ಅಂಕಿಯಲ್ಲಿ ತಂಡದ ಬಲದ ಜೊತೆಗೆ ಒಂದು ಒಳ್ಳೆಯ ವರ್ಷದ ಅದೃಷ್ಟವೂ ಬೆರೆತಿರುತ್ತದೆ. ಹಾಗಾಗಿ 50ಕ್ಕಿಂತ ಮೇಲಿರುವ ಭಾಗದಲ್ಲಿ ಮೂರನೇ ಒಂದನ್ನು ಕಳೆಯುವುದು ನನ್ನ ರೂಢಿ. 72.5 ಎಂಬುದು 65 ಆಗುತ್ತದೆ, ಸರಣಿಯ ಸಾಧ್ಯತೆ 80ಕ್ಕೆ ಇಳಿಯುತ್ತದೆ. ಮೂರನೇ ಒಂದೇ ಏಕೆ ಎಂದರೆ ಅದು ನನ್ನ ಅನುಭವದ ಅಳತೆ. ನೀವು ಕಾಲು ಭಾಗ ಕಳೆದರೂ ತಪ್ಪಿಲ್ಲ, ಏನನ್ನೂ ಕಳೆಯದಿದ್ದರೆ ತಪ್ಪು.

ಒಂದು ಪಂದ್ಯದ ಸಾಧ್ಯತೆಯಿಂದ ಸರಣಿಯ ಸಾಧ್ಯತೆಗೆ ಹೋಗಲು ಈ ನಾಲ್ಕು ಸಾಲುಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ:

ಪಂದ್ಯಕ್ಕೆ 52 ಆದರೆ ಸರಣಿಗೆ 54
ಪಂದ್ಯಕ್ಕೆ 55 ಆದರೆ ಸರಣಿಗೆ 61
ಪಂದ್ಯಕ್ಕೆ 60 ಆದರೆ ಸರಣಿಗೆ 71
ಪಂದ್ಯಕ್ಕೆ 65 ಆದರೆ ಸರಣಿಗೆ 80

ನನ್ನ ಹಾಳೆಯಲ್ಲಿ ಹೆಚ್ಚಿನ ಸರಣಿಗಳು 54 ಮತ್ತು 65ರ ನಡುವೆಯೇ ಬಂದು ನಿಲ್ಲುತ್ತವೆ. ಎಂಟೂ ಸರಣಿಗಳಲ್ಲಿ ಬಲಿಷ್ಠರ ಸಾಧ್ಯತೆ ಶೇಕಡಾ 61 ಎಂದಿಟ್ಟುಕೊಳ್ಳಿ. ಎಂಟೂ ಸರಿಯಾಗುವ ಸಂಭವ ನೂರಕ್ಕೆ ಎರಡು ಮಾತ್ರ. ಸರಾಸರಿಯಲ್ಲಿ ಐದು ಸರಿಯಾಗುತ್ತವೆ. ಐದು ಸರಿಯಾದಾಗ ಬೇಸರ ಮಾಡಿಕೊಂಡು ಮರುವರ್ಷ ಪದ್ಧತಿಯನ್ನೇ ಬದಲಿಸುವವರನ್ನು ಕಂಡಿದ್ದೇನೆ. ಅವರು ಸರಿಯಾದ ದಾರಿಯಲ್ಲೇ ಇದ್ದರು.

ಗೋಲ್‌ಕೀಪರ್

ಈ ಆಟದಲ್ಲಿ ಒಬ್ಬನೇ ಒಬ್ಬ ಆಟಗಾರ ಅರವತ್ತು ನಿಮಿಷವೂ ಮಂಜಿನ ಮೇಲೆ ಇರುತ್ತಾನೆ. ಅವನು ಚೆನ್ನಾಗಿ ಆಡಿದ ವಾರ ಉಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2010ರಲ್ಲಿ 121 ಅಂಕಗಳ ವಾಷಿಂಗ್ಟನ್, 88 ಅಂಕಗಳ ಮಾಂಟ್ರಿಯಲ್ ಮೇಲೆ 3-1ರ ಮುನ್ನಡೆ ಪಡೆದಿತ್ತು. ಆರನೆಯ ಪಂದ್ಯದಲ್ಲಿ ಮಾಂಟ್ರಿಯಲ್‌ನ ಯಾರೊಸ್ಲಾವ್ ಹಾಲಾಕ್ 53 ಹೊಡೆತಗಳನ್ನು ತಡೆದ. ಸರಣಿ ಮಾಂಟ್ರಿಯಲ್ ಪಾಲಾಯಿತು.

ಕಷ್ಟವೇನೆಂದರೆ ಆ ವಾರ ಯಾವುದು ಎಂದು ಮೊದಲೇ ಹೇಳುವವರಿಲ್ಲ. ಸೆರ್ಗೆಯ್ ಬಾಬ್ರೊವ್‌ಸ್ಕಿಯನ್ನು ನೋಡಿ. 2019ರಲ್ಲಿ ಟ್ಯಾಂಪಾವನ್ನು ಮುಗಿಸಿದ ಕೊಲಂಬಸ್‌ನ ಬಲೆಯಲ್ಲಿ ಇದ್ದವನು ಅವನೇ. ನಾಲ್ಕು ವರ್ಷದ ಮೇಲೆ, 2023ರಲ್ಲಿ, ಅವನು ಫ್ಲಾರಿಡಾದಲ್ಲಿದ್ದ. ಆ ಲೀಗ್ ಹಂತದಲ್ಲಿ ಅವನು ತಡೆದದ್ದು ಪ್ರತಿ ಸಾವಿರ ಹೊಡೆತಗಳಿಗೆ 901, ಅಂದರೆ ಸಾಧಾರಣ. ಬಾಸ್ಟನ್ ವಿರುದ್ಧ ಸರಣಿ ಆರಂಭಿಸಿದ್ದು ಅಲೆಕ್ಸ್ ಲಯನ್. ಬಾಬ್ರೊವ್‌ಸ್ಕಿ ಬಲೆಗೆ ಬಂದದ್ದು ಸರಣಿಯ ನಡುವೆ. ಎದುರಿಗಿದ್ದ ಲಿನಸ್ ಉಲ್ಮಾರ್ಕ್‌ಗೆ ಆ ವರ್ಷ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಪ್ರಶಸ್ತಿ ಸಿಕ್ಕಿತು. ಬಾಸ್ಟನ್ 3-1 ಮುಂದಿತ್ತು. ಐದನೆಯ ಪಂದ್ಯದ ಓವರ್‌ಟೈಮ್‌ನಲ್ಲಿ ಉಲ್ಮಾರ್ಕ್ ಬಲೆಯ ಹಿಂದೆ ಪಕ್ ಕಳೆದುಕೊಂಡ, ಮ್ಯಾಥ್ಯೂ ಕಚಕ್ ಗೋಲು ಹೊಡೆದ. ಆರನೆಯದು 7-5ಕ್ಕೆ ಫ್ಲಾರಿಡಾಕ್ಕೆ ಹೋಯಿತು. ಏಪ್ರಿಲ್ 30ರ ಏಳನೆಯ ಪಂದ್ಯದಲ್ಲಿ ಉಲ್ಮಾರ್ಕ್ ಬೆಂಚಿನಲ್ಲಿ ಕುಳಿತಿದ್ದ, ಜೆರೆಮಿ ಸ್ವೇಮನ್ ಬಲೆಯಲ್ಲಿದ್ದ. ಕೊನೆಯ ಒಂದು ನಿಮಿಷದವರೆಗೂ ಬಾಸ್ಟನ್ 3-2 ಮುಂದಿತ್ತು. ಫ್ಲಾರಿಡಾ ತನ್ನ ಗೋಲ್‌ಕೀಪರ್‌ನನ್ನು ಹೊರಗೆ ಕರೆದು ಆರನೆಯ ಆಟಗಾರನನ್ನು ಇಳಿಸಿತು. ಬ್ರ್ಯಾಂಡನ್ ಮಾಂಟೂರ್ ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಕಾರ್ಟರ್ ವರ್ಹೇಗಿ ಹೊಡೆದ ಗೋಲಿಗೆ ಇಡೀ ಅಂಗಣ ಒಮ್ಮೆಲೇ ಮೌನವಾದದ್ದು ಟಿವಿಯಲ್ಲೂ ಕೇಳಿಸಿತು. ಬಾಸ್ಟನ್‌ನವರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದರಿಂದ ನಾನು ಹಾಕಿಕೊಂಡ ನಿಯಮ: ಗೋಲ್‌ಕೀಪರ್‌ಗಾಗಿ ಒಂದು ಪಂದ್ಯದ ಸಾಧ್ಯತೆಯನ್ನು ಎರಡು ಶೇಕಡಾ ಅಂಶಕ್ಕಿಂತ ಹೆಚ್ಚು ಏರಿಸುವುದಿಲ್ಲ, ಇಳಿಸುವುದಿಲ್ಲ. ಆ ಎರಡನ್ನು ಕೊಡುವುದಕ್ಕೂ ಒಂದು ವರ್ಷದ ಅಂಕಿ ಸಾಲದು; ಮೂರು ವರ್ಷಗಳದ್ದನ್ನು ನೋಡುತ್ತೇನೆ. ಕಳೆದ ಹತ್ತು ಪಂದ್ಯಗಳಲ್ಲಿ ಮಿಂಚಿದ್ದಾನೆ ಎಂಬ ಮಾತನ್ನು ಕೇಳಿ ಬಿಟ್ಟುಬಿಡುತ್ತೇನೆ. ಇದಕ್ಕೆ 2025ರ ವಿನಿಪೆಗ್ ಇನ್ನೊಂದು ಸಾಕ್ಷಿ. ಕಾನರ್ ಹೆಲೆಬಾಕ್ ಆ ಋತುವಿನ ಅತ್ಯುತ್ತಮ ಆಟಗಾರನೆಂಬ ಹಾರ್ಟ್ ಪ್ರಶಸ್ತಿಯನ್ನೇ ಗೆದ್ದವನು, ಆದರೂ ಸೇಂಟ್ ಲೂಯಿಸ್‌ನಲ್ಲಿ ನಡೆದ ಮೂರೂ ಪಂದ್ಯಗಳಲ್ಲಿ ಅವನನ್ನು ನಡುವೆಯೇ ಹೊರಗೆ ಕರೆಸಬೇಕಾಯಿತು. ಏಳನೆಯ ಪಂದ್ಯದಲ್ಲಿ ಕೆಲವೇ ಸೆಕೆಂಡು ಉಳಿದಾಗ ಕೋಲ್ ಪರ್ಫೆಟಿ ಸಮ ಮಾಡದಿದ್ದರೆ ಲೀಗ್‌ನ ಅಗ್ರ ತಂಡ ಆ ವರ್ಷವೂ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಿತ್ತು.

ಗಾಯಾಳುಗಳ ಪಟ್ಟಿ

ಪ್ಲೇಆಫ್ ಬಂದೊಡನೆ ತಂಡಗಳು ಬಾಯಿ ಬಿಗಿಹಿಡಿಯುತ್ತವೆ. "ದೇಹದ ಮೇಲ್ಭಾಗದ ಗಾಯ", "ಕೆಳಭಾಗದ ಗಾಯ", ಇಷ್ಟೇ ಹೊರಬರುವ ಮಾಹಿತಿ. ಮಣಿಕಟ್ಟೋ ಪಕ್ಕೆಲುಬೋ ತಿಳಿದರೆ ಎದುರಾಳಿ ಅಲ್ಲೇ ಗುದ್ದುತ್ತಾನೆ ಎಂಬ ಭಯ. ಹಾಗಾಗಿ ಹೇಳಿಕೆಗಳನ್ನು ಬಿಟ್ಟು ಅಭ್ಯಾಸದ ವರದಿ ಓದಿ: ಯಾರು ಮಂಜಿಗಿಳಿದರು, ಯಾವ ಬಣ್ಣದ ಜೆರ್ಸಿಯಲ್ಲಿ, ಯಾರ ಜೊತೆಗಿನ ಲೈನ್‌ನಲ್ಲಿ (ಒಟ್ಟಿಗೆ ಆಡುವ ಮೂವರು ಫಾರ್ವರ್ಡ್‌ಗಳ ಗುಂಪಿನಲ್ಲಿ). ಮೈ ತಾಗಿಸಬಾರದ ಆಟಗಾರನಿಗೆ ಬೇರೆ ಬಣ್ಣದ ಜೆರ್ಸಿ ಕೊಡುತ್ತಾರೆ.

ಮರಳಿ ಬರುವವರನ್ನೂ ಎಣಿಸಿ. ಟ್ಯಾಂಪಾದ ನಿಕಿತಾ ಕುಚೆರೊವ್ 2020-21ರ ಲೀಗ್ ಹಂತವನ್ನು ಪೂರ್ತಿ ಕಳೆದುಕೊಂಡು, ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಇಳಿದು, ಆ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ; ತಂಡ ಕಪ್ ಗೆದ್ದಿತು. ಲೀಗ್ ಅಂಕಿಗಳಲ್ಲಿ ಅವನ ಸುಳಿವೇ ಇರಲಿಲ್ಲ. ಹಾಗೆಯೇ ಒಬ್ಬ ದೊಡ್ಡ ಆಟಗಾರನಿಲ್ಲ ಎಂದೊಡನೆ ತಂಡವನ್ನೇ ಕೈಬಿಡಬೇಡಿ. 2023ರಲ್ಲಿ ನಾಯಕ ಪ್ಯಾಟ್ರಿಸ್ ಬರ್ಜರಾನ್ ಇಲ್ಲದೆಯೇ ಬಾಸ್ಟನ್ 3-1 ಮುಂದಿತ್ತು. ಅವನು ಮರಳಿದ ಮೇಲೆ ಸೋತಿತು. 2025ರಲ್ಲಿ ಡಲ್ಲಾಸ್, ಜೇಸನ್ ರಾಬರ್ಟ್‌ಸನ್ ಮತ್ತು ಮೀರೊ ಹೈಸ್ಕನೆನ್ ಇಬ್ಬರೂ ಇಲ್ಲದೆ ಕೊಲರಾಡೊವನ್ನು ಏಳು ಪಂದ್ಯಗಳಲ್ಲಿ ಸೋಲಿಸಿತು. ಏಳನೆಯದರ ಕೊನೆಯ ಅವಧಿಯಲ್ಲಿ ಎರಡು ಗೋಲುಗಳ ಹಿನ್ನಡೆಯಿಂದ ತಂಡವನ್ನು ಎತ್ತಿ ಹ್ಯಾಟ್ರಿಕ್ ಹೊಡೆದ ಮಿಕ್ಕೊ ರಾಂಟನೆನ್ ಆ ಜನವರಿಯವರೆಗೆ ಕೊಲರಾಡೊದಲ್ಲೇ ಆಡುತ್ತಿದ್ದವನು. ಮುಖ್ಯ ಫಾರ್ವರ್ಡ್ ಇಲ್ಲದಿದ್ದರೆ ಒಂದು ಅಂಶ, ಮೊದಲ ಜೋಡಿಯ ಡಿಫೆನ್ಸ್ ಆಟಗಾರ ಇಲ್ಲದಿದ್ದರೆ ಒಂದೂವರೆ ಅಂಶ ಕಳೆಯುತ್ತೇನೆ. ಡಿಫೆನ್ಸ್‌ನವನು ಪಂದ್ಯದಲ್ಲಿ ಹೆಚ್ಚು ಹೊತ್ತು ಆಡುತ್ತಾನಲ್ಲ, ಅದಕ್ಕೆ.

ತವರು ಅಂಗಣ, ಪವರ್ ಪ್ಲೇ

ಮೇಲಿನ ತಂಡಕ್ಕೆ ಮೊದಲೆರಡು, ಐದನೆಯ ಮತ್ತು ಏಳನೆಯ ಪಂದ್ಯಗಳು ತವರಿನಲ್ಲಿ. ಆಟ ನಿಂತಾಗ ಆಟಗಾರರನ್ನು ಕೊನೆಯಲ್ಲಿ ಬದಲಿಸುವ ಹಕ್ಕು ತವರಿನ ಕೋಚ್‌ಗೆ ಇರುತ್ತದೆ. ಎದುರಾಳಿಯ ಅಪಾಯಕಾರಿ ಲೈನ್ ಬಂದಾಗ ತನ್ನ ಅತ್ಯುತ್ತಮ ಡಿಫೆನ್ಸ್ ಜೋಡಿಯನ್ನು ಕಳಿಸಬಹುದು. ಆದರೂ ಸರಣಿಯಲ್ಲಿ ಇದರ ಲಾಭ ಜನ ಅಂದುಕೊಂಡದ್ದಕ್ಕಿಂತ ಕಡಿಮೆ. ಎರಡು ಸಮಬಲದ ತಂಡಗಳು, ತವರಿನಲ್ಲಿ ಗೆಲ್ಲುವ ಸಾಧ್ಯತೆ 55 ಎಂದಿಟ್ಟುಕೊಂಡು ಲೆಕ್ಕ ಹಾಕಿ. ಮೊದಲ ಆರು ಪಂದ್ಯಗಳು ಮೂರು ಮೂರಾಗಿ ಹಂಚಿಹೋಗುತ್ತವೆ, ಹೆಚ್ಚುವರಿ ಸಿಗುವುದು ಏಳನೆಯದು ನಡೆದರೆ ಮಾತ್ರ. ಸರಣಿಯ ಸಾಧ್ಯತೆ 50ರಿಂದ ಸುಮಾರು 51.6ಕ್ಕೆ ಏರುತ್ತದೆ, ಅಷ್ಟೆ.

2025ರ ಲಾಸ್ ಏಂಜಲೀಸ್ ತವರಿನ 41 ಪಂದ್ಯಗಳಲ್ಲಿ 31 ಗೆದ್ದಿತ್ತು. ಹಿಂದಿನ ಮೂರು ವರ್ಷವೂ ಮೊದಲ ಸುತ್ತಿನಲ್ಲಿ ಎಡ್ಮಂಟನ್‌ಗೆ ಸೋತಿದ್ದ ತಂಡ, ಈ ಸಲ ತವರಿನ ಅನುಕೂಲ ತನ್ನದು ಎಂದು ನಂಬಿತ್ತು. ಮೊದಲೆರಡನ್ನು ಗೆದ್ದಿತು ಕೂಡ. ನಂತರದ ನಾಲ್ಕನ್ನೂ ಸೋತಿತು.

ಆ ಜೋಡಿ ಇನ್ನೊಂದು ಕಾರಣಕ್ಕೂ ನೋಡತಕ್ಕದ್ದು. ಕಾನರ್ ಮೆಕ್‌ಡೇವಿಡ್ ಮತ್ತು ಲಿಯೋನ್ ಡ್ರೈಸೈಟಲ್ ಇರುವ ಎಡ್ಮಂಟನ್‌ನ ಪವರ್ ಪ್ಲೇ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರ ಕಡಿಮೆಯಿರುವ ಹೊತ್ತಿನ ಆಟ) 2022-23ರಲ್ಲಿ ಶೇಕಡಾ 32.4ರಷ್ಟು ಸಲ ಗೋಲು ತಂದಿತ್ತು, ಅದೊಂದು ದಾಖಲೆ. ಇಂಥ ತಂಡದ ಎದುರು ಹೆಚ್ಚು ಪೆನಾಲ್ಟಿ ಪಡೆಯುವ ತಂಡ ಸಿಕ್ಕರೆ ಒಂದು ಅಂಶ ಸೇರಿಸಿ. ಉಳಿದ ಜೋಡಿಗಳಲ್ಲಿ ಪವರ್ ಪ್ಲೇ ಅಂಕಿಗಳನ್ನು ನಾನು ಮುಟ್ಟುವುದಿಲ್ಲ. ಅವು ಗೋಲುಗಳ ಲೆಕ್ಕದೊಳಗೆ ಆಗಲೇ ಸೇರಿವೆ.

ತಾಳೆ ನೋಡಿ, ನಂತರ ಬರೆಯಿರಿ

ನಿಮ್ಮ ಅಂಕಿ ಸಿದ್ಧವಾದ ಮೇಲೆ, ಅದಕ್ಕೂ ಮೊದಲಲ್ಲ, ಬೆಟ್ಟಿಂಗ್ ದರಗಳನ್ನು ನೋಡಿ. ಹಣ ಕಟ್ಟುವುದಕ್ಕೆ ಹೇಳುತ್ತಿಲ್ಲ, ನಾನು ಕಟ್ಟುವುದೂ ಇಲ್ಲ. ದರಗಳು ಸಾವಿರಾರು ಜನರ ಅಂದಾಜಿನ ಸಾರ, ಆದ್ದರಿಂದ ತಾಳೆ ನೋಡಲು ಉಪಯುಕ್ತ. ಒಂದು ತಂಡಕ್ಕೆ 1.60, ಇನ್ನೊಂದಕ್ಕೆ 2.40 ಇದ್ದರೆ ಒಂದನ್ನು ಆ ದರಗಳಿಂದ ಭಾಗಿಸಿ: 62.5 ಮತ್ತು 41.7. ಮೊತ್ತ 104.2, ನೂರಕ್ಕಿಂತ ಹೆಚ್ಚಿರುವುದು ಕಂಪನಿಯ ಲಾಭ. 62.5ನ್ನು 104.2ರಿಂದ ಭಾಗಿಸಿದರೆ ನಿಜವಾದ ಅಂದಾಜು 60. ನಿಮ್ಮದಕ್ಕೂ ಇದಕ್ಕೂ ಹತ್ತು ಅಂಶಕ್ಕಿಂತ ಹೆಚ್ಚು ಅಂತರವಿದ್ದರೆ ನಿಮಗೆ ತಪ್ಪಿಹೋದ ಸುದ್ದಿ ಯಾವುದೋ ಇದೆ. ಬಹುತೇಕ ಅದು ಗಾಯದ ಸುದ್ದಿಯೇ.

ಎಷ್ಟು ಪಂದ್ಯ ಎಂದು ಕೇಳಿದರೆ, ಗೊತ್ತಿಲ್ಲದಾಗ ಆರು ಎಂದು ಬರೆಯಿರಿ. ಪಂದ್ಯಕ್ಕೆ 55ರ ತಂಡ ಆರರಲ್ಲಿ ಗೆಲ್ಲುವ ಸಾಧ್ಯತೆ ಸುಮಾರು 18.5, ಏಳರಲ್ಲಿ 16.7, ಐದರಲ್ಲಿ 16.5. ನಾಲ್ಕು ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ.

ಸ್ಪರ್ಧೆಯಲ್ಲಿ ಹತ್ತು ಜನರಿದ್ದರೆ ಎಂಟರಲ್ಲೂ ಬಲಿಷ್ಠರನ್ನೇ ಆರಿಸಿ. ಇನ್ನೂರು ಜನರಿದ್ದರೆ ನಿಮ್ಮಂತೆಯೇ ಬರೆದವರು ಹಲವರಿರುತ್ತಾರೆ. ಆಗ 50ರ ಆಸುಪಾಸಿನ ಒಂದೆರಡು ಸರಣಿಗಳಲ್ಲಿ, ಹೆಚ್ಚು ಜನ ಕಡೆಗಣಿಸಿದ ತಂಡವನ್ನು ಹಿಡಿಯಿರಿ. 35ರ ತಂಡವನ್ನು ಧೈರ್ಯ ತೋರಿಸಲೆಂದು ಹಿಡಿಯಬೇಡಿ.

ಸುತ್ತು ಮುಗಿದ ಮೇಲೆ ಅರ್ಧ ಗಂಟೆ ಮೀಸಲಿಡಿ. ನೀವು 65 ಎಂದ ತಂಡ ಗೆದ್ದರೆ ತಪ್ಪಿದ ಅಂತರ 0.35, ಅದರ ವರ್ಗ 0.1225. ಸೋತರೆ 0.65ರ ವರ್ಗ, 0.4225. ಎಂಟರ ಸರಾಸರಿ ತೆಗೆಯಿರಿ. ಏನೂ ಯೋಚಿಸದೆ ಎಲ್ಲಕ್ಕೂ 50 ಬರೆದವನಿಗೆ 0.25 ಬರುತ್ತದೆ. ಒಂದೇ ವರ್ಷದಲ್ಲಿ ಇದು ಹೆಚ್ಚು ಹೇಳದು, ಐದು ವರ್ಷದ ಹಾಳೆಗಳನ್ನು ಜೋಡಿಸಿಟ್ಟರೆ ನಿಮ್ಮ ದೌರ್ಬಲ್ಯ ಎಲ್ಲಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ನನ್ನದು ಟೊರೊಂಟೊ ಮೇಪಲ್ ಲೀಫ್ಸ್. 2004ರ ನಂತರ 2023ರವರೆಗೆ ಒಂದೂ ಸರಣಿ ಗೆಲ್ಲದ ತಂಡಕ್ಕೆ ನಾನು ವರ್ಷ ವರ್ಷವೂ ಲೆಕ್ಕಕ್ಕಿಂತ ನಾಲ್ಕೈದು ಅಂಶ ಹೆಚ್ಚು ಕೊಡುತ್ತಿದ್ದೆ ಎಂದು ಹಾಳೆಗಳು ತೋರಿಸಿದವು. ಈಗ ನಮ್ಮೂರಿನ ತಂಡದ ಅಂಕಿಯನ್ನು ಆಟದಲ್ಲಿ ಒಲವಿಲ್ಲದ ಹೆಂಡತಿಯ ಕೈಯಲ್ಲಿ, ಹೆಸರು ಮುಚ್ಚಿ, ಲೆಕ್ಕ ಹಾಕಿಸುತ್ತೇನೆ.

ಕೊನೆಯದಾಗಿ ಸಮಯದ ವಿಷಯ. ಟೊರೊಂಟೊದ ಸಂಜೆ 7 ಗಂಟೆಯ ಪಂದ್ಯ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಜಾವ 4.30ಕ್ಕೆ, ಪಶ್ಚಿಮ ಕರಾವಳಿಯ ಪಂದ್ಯಗಳು ಬೆಳಗ್ಗೆ ಏಳೂವರೆಯ ಹೊತ್ತಿಗೆ, ಕಾಫಿಯ ಜೊತೆಗೆ. ಪಂದ್ಯದ ದಿನ ಬೆಳಗ್ಗೆ ಇಲ್ಲಿ ತಂಡಗಳು ಲಘು ಅಭ್ಯಾಸ ಮಾಡುತ್ತವೆ, ಆಗ ನಿಮಗೆ ರಾತ್ರಿ ಎಂಟೋ ಒಂಬತ್ತೋ ಆಗಿರುತ್ತದೆ. ಅಭ್ಯಾಸದಲ್ಲಿ ಮೊದಲು ಮಂಜಿನಿಂದ ಹೊರನಡೆಯುವ ಗೋಲ್‌ಕೀಪರ್ ಸಾಮಾನ್ಯವಾಗಿ ಅಂದಿನ ಪಂದ್ಯ ಆಡುವವನು. ತಂಡದ ಜೊತೆ ಓಡಾಡುವ ವರದಿಗಾರರು ಅದನ್ನು ಕೂಡಲೇ ಬರೆಯುತ್ತಾರೆ. ಅದನ್ನು ನೋಡಿ, ಬೇಕಿದ್ದರೆ ಒಂದೆರಡು ಅಂಶ ತಿದ್ದಿ, ಹಾಳೆಯನ್ನು ಕಳಿಸಿ, ನಾಲ್ಕು ಗಂಟೆಗೆ ಅಲಾರಂ ಇಟ್ಟು ಮಲಗಿ.